ಹೊರಬೀಡಿನ ದಿನ ಒಳಗಿದ್ದವಳು

ಕಂಚೇನಹಳ್ಳಿ ಎಂಬ ಊರು ಇವತ್ತಿಗೂ ಇದೆ ಎಂದರೆ ವಿಜಯನಗರದ ಅರ್ಧ ಜನ ನಂಬುವುದಿಲ್ಲ. ಮಾರ್ಕೆಟ್ ರಸ್ತೆಯಿಂದ ಒಳಗೆ ತಿರುಗಿದರೆ ಐದಾರು ಇಕ್ಕಟ್ಟಾದ ಗಲ್ಲಿ, ನಡುವೆ ಮಾರಮ್ಮನ ಗುಡಿ, ಅಷ್ಟೇ ಊರು. ನಗರ ಹೊಲ ನುಂಗಿತು, ಕೆರೆ ನುಂಗಿತು, ಮಾರಮ್ಮನ ಹತ್ತಿರ ಮಾತ್ರ ಅದರ ಆಟ ನಡೆಯಲಿಲ್ಲ. ಮೂರು ವರ್ಷಕ್ಕೊಮ್ಮೆ ಇಲ್ಲಿ ಹೊರಬೀಡು. ಅಂದು ಊರವರೆಲ್ಲ ಒಲೆ ಆರಿಸಿ, ಬೀಗ ಹಾಕಿ, ಊರ ಹೊರಗೆ ಅಡುಗೆ ಮಾಡಿ ಉಣ್ಣಬೇಕು. ಹೊತ್ತು ಮುಳುಗುವವರೆಗೆ ಊರು ತಾಯಿಯೊಬ್ಬಳದೇ. ಅವಳು ಮನೆಮನೆ ಹೊಕ್ಕು ರೋಗರುಜಿನ ಗುಡಿಸುತ್ತಾಳಂತೆ. ಬಾಡಿಗೆಯವರೂ ಅಂದು ಇತ್ತ ತಲೆ ಹಾಕುವಂತಿಲ್ಲ. ಮನೆ ಕೊಡುವಾಗಲೇ ಆಗುವ ಕರಾರು ಅದು.

ಸ್ಪಂದನ ಈ ಊರಿನ ಮುನಿವೆಂಕಟಪ್ಪನವರ ಸೊಸೆ. ಮದುವೆಯಾಗಿ ಬಸವೇಶ್ವರನಗರದಿಂದ ಬಂದವಳು. ಇಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಹಾಲು ತರಲು ಹೊರಟರೂ ಎಲ್ಲಿಗೆ, ಯಾಕೆ ಎಂದು ಮೂರು ಜನಕ್ಕೆ ಉತ್ತರ ಕೊಡಬೇಕು. ಮಲಗುವ ಕೋಣೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಸ್ಪ್ಯಾನಿಷ್ ಪಾಠ ಮಾಡುತ್ತಿದ್ದಳು. ಪಾಠದ ನಡುವೆ ಅತ್ತೆ ವೆಂಕಟಲಕ್ಷ್ಮಮ್ಮ ಬೀರುವಿನಲ್ಲಿ ಏನಾದರೂ ಹುಡುಕಲು ಬಂದೇ ಬರುತ್ತಿದ್ದರು. ಕೆಟ್ಟವರೇನಲ್ಲ ಯಾರೂ. ಆದರೂ ಅವಳಿಗೆ ಉಸಿರು ಕಟ್ಟುತ್ತಿತ್ತು.

ಅಂಥ ಹೊತ್ತಿನಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಸ್ಪೇನಿನ ವಾಲ್ದೆಸೆರ್ನಾ. ಸೋರಿಯಾ ಎಂಬ ಪಟ್ಟಣದ ಹತ್ತಿರದ ಹಳ್ಳಿ. ಕುರಿ ಉಣ್ಣೆಯ ವ್ಯಾಪಾರದಲ್ಲಿ ಮೆರೆದಾಗ ಆರುನೂರು ಜನ ಇದ್ದರಂತೆ. ಆಮೇಲೆ ಪಟ್ಟಣದ ಕಾರ್ಖಾನೆಗಳು ಒಬ್ಬೊಬ್ಬರನ್ನೇ ಎಳೆದುಕೊಂಡವು. ಈಗ ಉಳಿದಿರುವುದು ಮೂವತ್ತೊಂದು ಜನ, ಹೆಚ್ಚಿನವರು ಮುದುಕರು. ಮಕ್ಕಳಿಲ್ಲದೆ ಶಾಲೆ ಮುಚ್ಚುವ ಹಂತಕ್ಕೆ ಬಂದಿತ್ತು. ಅದಕ್ಕೇ ಮಗುವಿರುವ ಒಂದು ಸಂಸಾರಕ್ಕೆ ಮನೆ, ಕೆಲಸ ಎರಡೂ ಕೊಡುತ್ತೇವೆ ಎಂದು ಊರವರು ಕರೆ ಕೊಟ್ಟಿದ್ದರು. ನಮ್ಮ ಊರನ್ನು ಪಟ್ಟಣ ತುಂಬಿ ಕೊಂದಿತು, ಅವರದ್ದನ್ನು ಖಾಲಿ ಮಾಡಿ ಕೊಂದಿತು ಎಂದುಕೊಂಡಳು. ಮನೆಯಲ್ಲಿ ಯಾರಿಗೂ ತಿಳಿಯದಂತೆ ಅರ್ಜಿ ಹಾಕಿದಳು. ಗಂಡ ಭೈರೇಶನಿಗೆ ಮಾತ್ರ ಹೇಳಿದ್ದಳು.

"ಸಿಕ್ರೆ ಹೋಗೋಣ ಬಿಡೇ," ಎಂದಿದ್ದ ಅವನು. ಬಾಡಿಗೆ ವಸೂಲಿ ಬಿಟ್ಟರೆ ಬೇರೆ ಕೆಲಸ ಮಾಡದ ಮನುಷ್ಯ, ಸಿಗುವುದಿಲ್ಲ ಎಂಬ ಧೈರ್ಯದಿಂದಲೇ ಹೇಳಿರಬೇಕು. ಅವಳು ಅದನ್ನೇ ಗಟ್ಟಿ ಮಾತು ಎಂದು ನಂಬಿದಳು.

ಕೊನೆಯ ಸಂದರ್ಶನ ಬಂದದ್ದು ಹೊರಬೀಡಿನ ದಿನವೇ, ಮಧ್ಯಾಹ್ನ. ಆ ಮನೆ ಒಂದು ಗಂಟೆ ಮೌನವಾಗಿರುವುದು ಎಂದಾದರೆ ಅದು ಅವತ್ತು ಮಾತ್ರ. ಉಳಿದವರು ಬೆಳಿಗ್ಗೆ ಟೆಂಪೋ ಹತ್ತಿ ಕೆಂಗೇರಿ ಕಡೆಯ ತೋಪಿಗೆ ಹೊರಟರು.

"ಸಿಂಚನಾಗೆ ಟೆಸ್ಟ್ ಇದೆ ಅತ್ತೆ. ಸ್ಕೂಲಿಂದ ಕರ್ಕೊಂಡು ಮೆಟ್ರೋದಲ್ಲಿ ಬರ್ತೀನಿ," ಎಂದಳು ಸ್ಪಂದನ. ಮಗಳನ್ನು ಶಾಲೆಗೆ ಬಿಟ್ಟು, ಹಿತ್ತಲ ಬಾಗಿಲಿನ ಕೀಲಿ ತೆಗೆದು ಒಳಗೆ ಬಂದಳು.

ಮಾವ ಮೇನ್ ಸ್ವಿಚ್ ಆರಿಸಿ ಹೋಗಿದ್ದರು. ಕತ್ತಲ ನಡುಮನೆಯಲ್ಲಿ ಫೋನ್ ಹಿಡಿದು ಕೂತಳು. ಹೊರಗೆ ತಳವಾರ ಬೆಟ್ಟಯ್ಯನ ತಮಟೆ ಕೇಳುತ್ತಿತ್ತು. ಅಂದು ಗಲ್ಲಿ ಸುತ್ತಲು ಅವನೊಬ್ಬನಿಗೇ ಅಪ್ಪಣೆ. ಸಿಕ್ಕಿಬಿದ್ದರೆ ಮುಗಿಯಿತು. ಮುಂದೆ ಊರಿನಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಇವಳ ತಲೆಗೇ ಕಟ್ಟುತ್ತಾರೆ. ಹೆದರಿಕೊಂಡು ಪಿಸುಮಾತಿನಲ್ಲಿ ಶುರು ಮಾಡಿದಳು.

ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದರು ಅತ್ತ ಕಡೆಯಿಂದ ವಾಲ್ದೆಸೆರ್ನಾದ ಊರ ಅಧ್ಯಕ್ಷೆ. ತಮಟೆ ಹತ್ತಿರವಾಗುತ್ತಿತ್ತು. ಸ್ಪಂದನ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ದನಿ ಎತ್ತಿದಳು. ವಾಲ್ದೆಸೆರ್ನಾದ ಚರಿತ್ರೆಯನ್ನು ಉಣ್ಣೆಯ ಕಾಲದಿಂದ ಶಾಲೆಯ ತನಕ ಒಂದೇ ಉಸಿರಿಗೆ ಹೇಳಿದಳು. ನಿಮ್ಮ ಊರಲ್ಲಿ ಎಷ್ಟು ಜನ ಎಂದು ಕೇಳಿದರು. ಇವತ್ತು ನಾನೊಬ್ಬಳೇ ಎಂದಳು. ಅವರೂ ನಕ್ಕರು, ಇವಳೂ ಗಟ್ಟಿಯಾಗಿ ನಕ್ಕಳು. ಆ ಮನೆಯಲ್ಲಿ ಹಾಗೆ ನಕ್ಕದ್ದು ಅದೇ ಮೊದಲು. ಮೂವರೂ ಬನ್ನಿ ಎಂದುಬಿಟ್ಟರು ಅಧ್ಯಕ್ಷೆ. ತಮಟೆ ಯಾವಾಗ ನಿಂತಿತೋ ಸ್ಪಂದನ ಗಮನಿಸಲಿಲ್ಲ.

ಹಿತ್ತಲಿನಿಂದಲೇ ಹೊರಬಿದ್ದು, ಮಗಳನ್ನು ಕರೆದುಕೊಂಡು ತೋಪು ಸೇರಿದಳು. ಸಂಜೆ ಅಲ್ಲಿಂದ ಎಲ್ಲರೊಂದಿಗೆ ವಾಪಸಾದಾಗ ಮನೆಯ ಮುಂದೆ ಬೆಟ್ಟಯ್ಯ ಉದ್ದಕ್ಕೆ ಅಡ್ಡಬಿದ್ದಿದ್ದ.

"ಒಳಗೆ ತಾಯಿ ಮಾತಾಡಿದ್ಲು ಗೌಡ್ರೇ," ಎಂದ, ಮುನಿವೆಂಕಟಪ್ಪನವರ ಕಾಲು ಹಿಡಿದು. "ನಮ್ ಭಾಷೆ ಅಲ್ಲ, ದೇವಭಾಷೆ. ನಗ್ತಿದ್ಲು. ಈ ಕಿವಿಯಾರೆ ಕೇಳಿದೀನಿ."

ಮುಂಬಾಗಿಲ ಬೀಗ ಹಾಕಿದಂತೆಯೇ ಇತ್ತು. ಮುನಿವೆಂಕಟಪ್ಪನವರು ಅಲ್ಲೇ ಕುಸಿದು ಅಳತೊಡಗಿದರು. ಗುಡಿಯ ಪೂಜಾರಿ ರಾಚಪ್ಪ ಮುಂದೆ ಬಂದು ಪದ್ಧತಿ ಹೇಳಿದ.

"ತಾಯಿ ನುಡಿದ ಮನೇಲಿ ದೀಪ ಆರಬಾರ್ದು. ಆ ಮನೆ ಸೊಸೇನೇ ದಿನಾ ಹಚ್ಬೇಕು. ಒಂದು ರಾತ್ರೀನೂ ಊರು ಬಿಡಂಗಿಲ್ಲ."

ಸ್ಪಂದನ ಜನರ ನಡುವಿನಿಂದ ಮುಂದೆ ಬಂದಳು. ಬೈದರೆ ಬೈಯಲಿ, ಮನೆಯಿಂದ ಹೊರಗೆ ಹಾಕಿದರೆ ಇನ್ನೂ ಒಳ್ಳೆಯದೇ ಎಂದುಕೊಂಡು ಬಾಯಿಬಿಟ್ಟಳು.

"ಮಾರಮ್ಮ ಅಲ್ಲ ಮಾವ. ನಾನೇ ಒಳಗಿದ್ದೆ. ಫೋನಲ್ಲಿ ಮಾತಾಡ್ತಿದ್ದೆ, ಸ್ಪ್ಯಾನಿಷ್‌ನಲ್ಲಿ."

ಮಾವ ಅಳುತ್ತಲೇ ಇದ್ದರು. ನಂಬಿಸಲೇಬೇಕೆಂದು ಮಧ್ಯಾಹ್ನ ಹೇಳಿದ್ದನ್ನೇ ಅದೇ ಭಾಷೆಯಲ್ಲಿ ಮತ್ತೆ ಗಟ್ಟಿಯಾಗಿ ಹೇಳಿದಳು.

ಬೆಟ್ಟಯ್ಯ ಎದ್ದು ಕೂತ. "ಅದೇ ದನಿ," ಎಂದ. "ಸೊಸೆ ಮೈಮೇಲೆ ಬಂದವ್ಳೆ."

ಬೀರು ಹುಡುಕುವಾಗ ಎಷ್ಟೋ ಸಲ ಇದೇ ಭಾಷೆ ಕೇಳಿದ್ದ ವೆಂಕಟಲಕ್ಷ್ಮಮ್ಮನವರೂ ಸೆರಗೊಡ್ಡಿ ಸೊಸೆಯ ಮುಂದೆ ಮಂಡಿಯೂರಿದರು. ಬೇಡ ಅತ್ತೆ, ಏಳಿ ಎಂದರೂ ಕೇಳಲಿಲ್ಲ. ಅವರ ಹಿಂದೆ ಇಡೀ ಗಲ್ಲಿಯೇ ಬಗ್ಗಿತು. ನಿಂತಿದ್ದವನು ಭೈರೇಶನೊಬ್ಬನೇ. ಎಷ್ಟೋ ವರ್ಷದಿಂದ ಅವಳ ಪಾಠಗಳನ್ನು ಪಕ್ಕದಲ್ಲೇ ಮಲಗಿ ಕೇಳಿದವನು. ಇದು ಯಾವ ಭಾಷೆ ಎಂದು ಚೆನ್ನಾಗಿ ಗೊತ್ತು.

"ಭೈರೇಶ್, ನೀವಾದ್ರೂ ಹೇಳಿ," ಎಂದಳು ಸ್ಪಂದನ.

ಅವನು ಅವಳ ಮುಖ ನೋಡಿದ, ಮಂಡಿಯೂರಿದ್ದ ತಾಯಿಯನ್ನು ನೋಡಿದ, ಬಾಡಿಗೆ ತರುವ ಮೂರಂತಸ್ತಿನ ಮನೆಯನ್ನೊಮ್ಮೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಬಗ್ಗಿ, ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.