ಗೇಟಿನ ಹೊರಗಿನ ರೀಸ್ಲಿಂಗ್

ಕೊನೆಯ ಗ್ಲಾಸಿನಲ್ಲಿರುವುದು ಸೋವಿನ್ಯೋನ್ ದ್ರಾಕ್ಷಿಯ ವೈನ್ ಎಂದು ಸೌಮ್ಯಶ್ರೀ ಹೇಳಿ ಮುಗಿಸುವ ಮೊದಲೇ ಮೇಜಿನ ಆ ಬದಿಯಲ್ಲಿ ಯಾರೋ ನಕ್ಕರು. ವೈನ್ ಕಲಿಸಲು ಮಂಗಳೂರಿನಿಂದ ಬಂದಿದ್ದ ಅಶೋಕ್ ನಗಲಿಲ್ಲ. ಬಾಟಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಅದರ ಹೆಸರು ಅವಳಿಗೆ ಕಾಣುವಂತೆ ತಿರುಗಿಸಿ ಇಟ್ಟರು. ರೀಸ್ಲಿಂಗ್. ಚಳಿಯ ದೇಶದ ಬಿಳಿ ದ್ರಾಕ್ಷಿ. ಬಾಟಲಿಯಲ್ಲಿ ಹತ್ತು ವರ್ಷ ಮಲಗಿದ್ದು.

ಕುಂದಾಪುರದ ಹೆದ್ದಾರಿ ಬದಿಯ ಆ ಹೋಟೆಲಿನ ಹಿಂಭಾಗದಲ್ಲಿ, ಹಿನ್ನೀರಿಗೆ ಮುಖ ಮಾಡಿ ಹೊಸದೊಂದು ಊಟದ ಹಾಲ್ ಎದ್ದಿತ್ತು. ಊರಿನ ಮೀನಿನ ಅಡುಗೆಯ ಜೊತೆ ವೈನ್ ಕೊಡಬೇಕೆಂಬುದು ಮಾಲೀಕ ಭೋಜರಾಜ ಶೆಟ್ಟರ ಆಸೆ. ಹಾಲಿನ ಹೊಣೆಯನ್ನು ಗೋವೆಯಿಂದ ಬರುವವನೊಬ್ಬನಿಗೆ ವಹಿಸುವ ಮಾತು ಹೆಚ್ಚುಕಡಿಮೆ ಮುಗಿದಿತ್ತು. ಆರು ವರ್ಷದಿಂದ ಅಲ್ಲೇ ಬಡಿಸುವ ಕೆಲಸ ಮಾಡಿ ಮೇಲೆ ಬಂದಿದ್ದ ಸೌಮ್ಯಶ್ರೀ, ತನಗೂ ಒಂದು ಅವಕಾಶ ಬೇಕೆಂದು ಕೇಳಿದ್ದಳು. ಹೆಸರು ಕಾಣದ ಐದು ಗ್ಲಾಸುಗಳನ್ನು ಗುರುತಿಸಿದರೆ ಹಾಲ್ ಅವಳದ್ದು ಎಂದು ಶೆಟ್ಟರು ಒಪ್ಪಿದ್ದರು. ನಾಲ್ಕನ್ನು ಅವಳು ತಪ್ಪಿಲ್ಲದೆ ಹೇಳಿದ್ದಳು.

"ಇದರ ಗುರುತು ಹಿಡಿಯದೆ ಇರುವುದು ಕಷ್ಟ," ಎಂದರು ಅಶೋಕ್. "ನಿಮಗೆ ಇದರಲ್ಲಿ ಏನೇನು ಸಿಕ್ಕಿತು?"

ಗಜನಿಂಬೆ ಸಿಕ್ಕಿತ್ತು. ಕೊಯ್ದ ಮಾವಿನಕಾಯಿಯ ತೊಟ್ಟಿನಿಂದ ಒಸರುವ ಸೊನೆ ಸಿಕ್ಕಿತ್ತು. ಕೊನೆಯಲ್ಲಿ, ಒಣಗಿದ ಸುರಗಿ ಹೂವಿನಂಥದ್ದೇನೋ. ಅಶೋಕ್ ತಲೆದೂಗುತ್ತಾ ಕೇಳಿದರು. ಇನ್ನೂ ಒಂದಿದೆ, ಅದೇ ಮುಖ್ಯ ಎಂದರು. ಅವಳು ಮತ್ತೆ ಮೂಗಿಟ್ಟಳು. ಬೇರೇನೂ ಇರಲಿಲ್ಲ.

ಸೀಮೆಎಣ್ಣೆ, ಎಂದರು ಅಶೋಕ್. ವಯಸ್ಸಾದ ರೀಸ್ಲಿಂಗಿನಲ್ಲಿ ಆ ವಾಸನೆ ಹುಟ್ಟಿಕೊಳ್ಳುತ್ತದೆ. ತಿಳಿದವರು ಅದನ್ನೇ ಹುಡುಕಿ ಕುಡಿಯುತ್ತಾರೆ. ಅಡುಗೆಮನೆಯವರು ಒಬ್ಬೊಬ್ಬರಾಗಿ ಗ್ಲಾಸನ್ನು ಮೂಸಿ ಹೌದೌದು ಎಂದು ಮುಖ ಕಿವಿಚಿದರು. ಕೊನೆಗೆ ಜನರೇಟರ್ ಕೋಣೆಯಿಂದ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನೇ ತರಿಸಿ ಅವಳ ಮುಂದೆ ಹಿಡಿದರು. ಒರೆಸಿದ ನೆಲದ ತಂಪಿನಂಥ ಏನೋ ಒಂದು ಅವಳ ಮೂಗಿನ ತುದಿಗೆ ಮುಟ್ಟಿ ಇಲ್ಲವಾಯಿತು, ಅಷ್ಟೆ.

ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಭೋಜರಾಜ ಶೆಟ್ಟರು ಆಗ ಬಾಯಿಬಿಟ್ಟರು. "ನೀನ್ ಕಿರಿಮಂಜೇಶ್ವರದ ಗೋವರ್ಧನನ ಮಗ್ಳ್ ಅಲ್ದಾ? ಅವ್ನ ದೋಣಿ ಎಂಜಿನ್ ಕುಡೂದೇ ಅದನ್ನ್. ನಿಂಗ್ ಎಲ್ಲಿಂದ ಬತ್ತ್ ವಾಸ್ನೆ, ಮಾರಾಯ್ತಿ."

ಅವರು ಲಘುವಾಗಿ ಹೇಳಿದ್ದರು. ಮುಂದಿನ ಗುರುವಾರ ಇನ್ನೊಮ್ಮೆ ಕಾಣುವ ಎಂದೂ ಸೇರಿಸಿದರು. ಆದರೆ ಬಸ್ಸಿನಲ್ಲಿ ಮನೆಗೆ ಮರಳುವಾಗ ಸೌಮ್ಯಶ್ರೀಗೆ ಬೇರೆಯೇ ಏನೋ ನೆನಪಾಗುತ್ತಿತ್ತು. ಕಾಲೇಜಿನ ಬೆಂಚಿನಲ್ಲಿ ಪಕ್ಕದ ಹುಡುಗಿ ಪ್ರತಿದಿನವೂ ಕಿಟಕಿಯ ಕಡೆ ಸರಿದು ಕೂರುತ್ತಿದ್ದಳು. ಗಾಳಿಗಾಗಿ ಎಂದು ಸೌಮ್ಯಶ್ರೀ ಇಷ್ಟು ವರ್ಷ ತಿಳಿದಿದ್ದಳು.

ಮನೆಯ ಜಗಲಿಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಗೋಡೆಗೊರಗಿ ಸೀಮೆಎಣ್ಣೆಯ ನೀಲಿ ಕ್ಯಾನುಗಳು, ಮರದ ಅಡ್ಡೆಗೆ ಸಿಕ್ಕಿಸಿದ ದೋಣಿಯ ಎಂಜಿನ್, ಅದರ ಕೆಳಗೆ ಕಪ್ಪಗೆ ಹರಡಿದ ಕಲೆ. ಗೋವರ್ಧನ ಪ್ಲಗ್ಗನ್ನು ಎಣ್ಣೆಬಟ್ಟೆಯಲ್ಲಿ ಉಜ್ಜುತ್ತಿದ್ದ. ಮಗಳು ನಡೆದುದನ್ನೆಲ್ಲ ಹೇಳಿದಳು. ಅವನು ಎಣ್ಣೆಬಟ್ಟೆಯನ್ನು ಮೂಗಿಗೆ ಹಿಡಿದು, ಪರೀಕ್ಷಿಸುವವನಂತೆ ಎರಡು ಸಲ ಉಸಿರೆಳೆದು, ಇದಕ್ಕೆಂತ ವಾಸನೆ ಎಂದು ಕೇಳಿದ.

ಒಳಗಿನಿಂದ ತಾಯಿ ಜಲಜ ನಕ್ಕಳು. ಮಗಳು ವೈನನ್ನು ಬಾಯಿಗೆ ಹಾಕಿ ಉಗುಳುತ್ತಾಳೆಂದು ತಿಳಿದ ದಿನದಿಂದ ಅವಳಿಗೆ ಈ ವಿಷಯವೇ ಒಂದು ತಮಾಷೆ. "ಕುಡುಕ್ರಿಗೂ ಯಾರೂ ಸಂಬ್ಳ ಕೊಡುದಿಲ್ಲೆ. ಇವ್ಳಿಗ್ ಉಗುಳುಕೆ ಕೊಡ್ತ್ರ್," ಎಂದು ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆದರೆ ಈ ಸಲ ಹೊರಗೆ ಬಂದು ಕೂತಳು. ಅವಳ ತವರು ಬಸ್ರೂರು. ಅಲ್ಲಿ ಹೊಳೆಯಲ್ಲಿ ಹುಟ್ಟು ಹಾಕುವ ಸಣ್ಣ ದೋಣಿಗಳೇ ಹೊರತು ಎಂಜಿನ್ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯ ಅನ್ನವೂ ಸೀಮೆಎಣ್ಣೆ ನಾರುತ್ತಿತ್ತೆಂದೂ, ಲಿಂಬೆಯ ಎಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಉಣ್ಣುತ್ತಿದ್ದೆನೆಂದೂ ಹೇಳಿದಳು. ಈಗಲೂ ತವರಲ್ಲಿ ಕೆಲವು ದಿನ ಉಳಿದು ಬಂದರೆ ಗೇಟಿನ ಹತ್ತಿರ ಅದು ಎದುರಾಗುತ್ತದೆ.

"ನೀನೂ ಹೋಯಿ ಮಾವನ ಮನೇಲ್ ಇರ್. ಇಲ್ಲಿನ ಬಟ್ಟಿ ಒಂದೂ ತಕಂಡ್ ಹೋಪ್ದ್ ಬೇಡ," ಎಂದಳು ಜಲಜ.

ಗೋವರ್ಧನ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡುತ್ತಾ ಇದ್ದ. ಆ ಎಣ್ಣೆಯಿಂದಲೇ ಅವನು ಮಗಳನ್ನು ಓದಿಸಿದ್ದ. ಮರುದಿನ ಅವಳು ಬರಿಗೈಯಲ್ಲಿ ಹೊರಟು ನಿಂತಾಗ ಅವನು ಬಲೆಯ ಹರಿದ ಕಣ್ಣಿನಿಂದ ತಲೆ ಎತ್ತಲಿಲ್ಲ.

ಬಸ್ರೂರಿನ ಸೋದರಮಾವನ ಮನೆಯಲ್ಲಿ ಅವಳು ಅತ್ತೆಯ ಸೀರೆಗಳನ್ನುಟ್ಟು, ಅವರ ಸೋಪಿನಲ್ಲಿ ತಲೆ ತೊಳೆದು, ಅಲ್ಲಿಂದಲೇ ಕೆಲಸಕ್ಕೆ ಹೋಗಿ ಬಂದಳು. ಅತ್ತೆಗೆ ಇದು ಯಾವುದೋ ಹರಕೆಯೆಂಬ ಗುಮಾನಿಯಿತ್ತು; ಮೀನು ತಿನ್ನಬಹುದೋ ಎಂದು ಸಂಕೋಚದಿಂದ ವಿಚಾರಿಸಿದರು. ಮೊದಮೊದಲು ಏನೂ ಬದಲಾದಂತೆ ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೊಳೆಯ ಕೆಸರಿಗೂ ತೆಂಗಿನ ಸಿಪ್ಪೆ ಕೊಳೆಯುವ ನೀರಿಗೂ ಬೇರೆ ಬೇರೆ ವಾಸನೆಯಿರುವುದು ತಿಳಿಯಿತು. ಮೂಗಿನ ಮುಂದಿದ್ದ ಒಂದು ತೆಳುಬಟ್ಟೆಯನ್ನು ಯಾರೋ ಮಡಚಿ ತೆಗೆದಂತಿತ್ತು.

ಬುಧವಾರ ಸಂಜೆ ಅವಳು ಕಿರಿಮಂಜೇಶ್ವರದಲ್ಲಿ ಬಸ್ಸಿಳಿದು ಕಡಲಿನ ದಾರಿ ಹಿಡಿದಳು. ಮನೆಯ ಗೇಟಿನ ಅಗುಳಿಗೆ ಕೈಯಿಟ್ಟಾಗ ಅದು ಬಂತು.

ಅವಳು ಕೈ ಹಿಂದೆಗೆದಳು. ಚೂಪಾದ, ಒಣಗಿದ, ಸ್ವಲ್ಪ ಸಿಹಿಯೂ ಆದ ವಾಸನೆ. ಅದು ಜಗಲಿಯಿಂದ ಮಾತ್ರ ಬರುತ್ತಿರಲಿಲ್ಲ. ತೊಳೆದು ಹಾಕಿದ ಬಟ್ಟೆಗಳಿಂದ, ಹುರಿಹಗ್ಗದಿಂದ, ಬಾಗಿಲ ಮರದಿಂದ ಬರುತ್ತಿತ್ತು. ಕತ್ತಲಿರುವಾಗಲೇ ಕಡಲಿಗೆ ಹೋದ ಅಪ್ಪ ಬಿಸಿಲೇರಿದ ಮೇಲೆ ಮರಳಿ ಬಂದು ಅವಳನ್ನು ಎತ್ತಿಕೊಳ್ಳುತ್ತಿದ್ದ ಕಾಲದ್ದೆಲ್ಲ ಅದರಲ್ಲಿತ್ತು. ಮೂವತ್ತರ ಹತ್ತಿರ ಬಂದವಳು ತನ್ನ ಮನೆಯನ್ನು ಮೊದಲ ಸಲ ಮೂಸಿ ನೋಡುತ್ತಿದ್ದಳು.

ಗೋವರ್ಧನ ಅವಳನ್ನು ಕಂಡು ಜಗಲಿಯಿಂದ ಇಳಿದು ಬಂದ. ಅವಳು ಗೇಟಿನ ಹೊರಗೇ ನಿಂತಿರುವುದನ್ನು ನೋಡಿ ಅಂಗಳದ ನಡುವೆ ನಿಂತ.

"ಒಳಗ್ ಬಪ್ಪುಕೂ ಆತಿಲ್ಯಾ ಈಗ?"

"ಬತ್ತಿಲ್ಲೆ ಅಪ್ಪಯ್ಯ. ಬಂದ್ರೆ ಈ ವಾಸ್ನೆ ಹೋತ್ತ್."

"ಹೋದ್ರೆ ಒಳ್ಳೇದಾಯ್ತಲ್ಲ."

"ನಾಳಿಗೆ ನಂಗ್ ಇದ್ ಬೇಕ್," ಎಂದಳು ಅವಳು. "ಆ ಬಾಟ್ಲಿ ಬೆಲಿ ಇಪ್ಪುದೇ ಈ ವಾಸ್ನೆಗೆ. ಎಲ್ಲರೂ ಹುಡ್ಕೂದ್ ಇದನ್ನೇ."

ದುಡ್ಡು ಕೊಟ್ಟು ಜನ ಇದನ್ನು ಹುಡುಕುತ್ತಾರೆಂಬುದನ್ನು ಅವನು ನಂಬಿದನೋ ಇಲ್ಲವೋ ಮುಖದಲ್ಲಿ ತಿಳಿಯುವಂತಿರಲಿಲ್ಲ. ಆಮೇಲೆ ಹೆಗಲ ಮೇಲಿನ ಬೈರಾಸನ್ನು ತೆಗೆದು ನಾಲ್ಕು ಮಡಿಕೆ ಮಾಡಿ, ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು, ಅದರಲ್ಲಿ ತುಂಬಿ ಬಾಯಿ ಬಿಗಿದು ಗೇಟಿನ ಮೇಲಿನಿಂದ ಚಾಚಿದ.

"ಮರ್ತ್ ಹೋರೆ ಮೂಸಿ ಕಾಣ್."

ಅವಳು ಬಸ್ರೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಿಚ್ಚಲಿಲ್ಲ.

ಗುರುವಾರದ ಪರೀಕ್ಷೆಯ ಬಗ್ಗೆ ಹೋಟೆಲಿನವರು ಹೇಳುವುದೇ ಬೇರೆ. ಅವಳು ಗ್ಲಾಸನ್ನು ಮುಟ್ಟದೆಯೇ, ಹಾಲಿನ ಬಾಗಿಲಲ್ಲಿ ನಿಂತೇ ರೀಸ್ಲಿಂಗ್ ಎಂದಳು ಎನ್ನುತ್ತಾರೆ. ನಡೆದುದು ಅಷ್ಟು ಸಲೀಸಾಗಿರಲಿಲ್ಲ. ಅಶೋಕ್ ಈ ಸಲ ಬೇರೆ ವೈನುಗಳನ್ನು ತಂದಿದ್ದರು; ಐದರಲ್ಲಿ ಎರಡು ಒಂದೇ ಬಣ್ಣ, ಎರಡರಲ್ಲೂ ಲಿಂಬೆಯ ಹುಳಿ. ಮೊದಲನೆಯದನ್ನು ಅವಳು ಬಾಯಲ್ಲಿ ಹೊರಳಿಸಿ ಉಗುಳಿ, ಸೋವಿನ್ಯೋನ್ ಎಂದಳು. ಎರಡನೆಯದರಲ್ಲೂ ಲಿಂಬೆಯೇ ಮೊದಲು ಬಂತು, ಆಮೇಲೆ ಹಸಿ ಸೇಬು. ಶೆಟ್ಟರು ಕೈಗಡಿಯಾರ ನೋಡಿಕೊಂಡರು. ಅವಳು ಕಣ್ಣು ಮುಚ್ಚಿ ಗ್ಲಾಸನ್ನು ನಿಧಾನವಾಗಿ ತಿರುಗಿಸಿ, ಮತ್ತೆ ಮೂಗಿನ ಹತ್ತಿರ ತಂದು ಕಾದಳು. ಲಿಂಬೆ ಸರಿದು ನಿಂತಿತು. ಅದರ ಹಿಂದೆ, ದೂರದಲ್ಲಿ, ಗೇಟು.

"ಇದು ರೀಸ್ಲಿಂಗ್," ಎಂದಳು. "ಹೋದ ವಾರದ್ದಕ್ಕಿಂತ ಚಿಕ್ಕ ಪ್ರಾಯದ್ದು."

"ಅದು ಹೇಗೆ ಹೇಳ್ತೀರಿ?" ಎಂದು ಅಶೋಕ್ ಕೇಳಿದರು.

"ಸೀಮೆಎಣ್ಣೆ ಇದೆ, ಸರ್. ಆದರೆ ಈಗಷ್ಟೇ ಮನೆಯೊಳಗೆ ಬಂದ ಹಾಗಿದೆ. ಇನ್ನೂ ಮರಕ್ಕೆ ಹಿಡಿದಿಲ್ಲ."

ಉಳಿದ ಮೂರನ್ನು ಅವಳು ಹೇಳುವಾಗ ಶೆಟ್ಟರು ಎದ್ದು ಕಿಟಕಿಯ ಬಳಿ ಹೋಗಿ ಗೋವೆಗೆ ಫೋನು ಮಾಡುತ್ತಿದ್ದರು. ಬರುವುದು ಬೇಡ ಎಂಬಷ್ಟನ್ನೇ ಎರಡು ಮೂರು ಬಗೆಯಲ್ಲಿ ವಿನಯದಿಂದ ಹೇಳಿ ಮುಗಿಸಿದರು. ಬಾಟಲಿಯಲ್ಲಿ ಅರ್ಧ ಉಳಿದಿದ್ದ ರೀಸ್ಲಿಂಗನ್ನು ಬಿರಡೆ ಹಾಕಿ ಅವಳ ಕೈಗೆ ಕೊಟ್ಟು, ಗೋವರ್ಧನನಿಗೆ ಕೊಡು ಎಂದರು.

ಸಂಜೆ ಅವಳು ಗೇಟಿನ ಹೊರಗೆ ಒಂದಿಷ್ಟು ಹೊತ್ತು ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಅಗುಳಿ ತೆಗೆದಳು. ಕಾಲು ತೊಳೆದು ಒಳಗೆ ಬಂದಳು. ಜಲಜ ಬಂಗುಡೆಯ ಸಾರನ್ನು ಬಡಿಸಿದಳು. ಗೋವರ್ಧನ ಸ್ಟೀಲ್ ಲೋಟಕ್ಕೆ ಬಗ್ಗಿಸಿದ ವೈನನ್ನು ಒಂದು ಗುಟುಕು ಕುಡಿದು, ಸಾರಿನ ಖಾರವನ್ನು ಅದು ತೊಳೆದುಕೊಂಡು ಹೋಗುವವರೆಗೆ ಕಾದು, ಅಡ್ಡಿಲ್ಲೆ ಎಂದ. ಹುಳಿ ಹದವಾಗಿದೆ, ಆದರೆ ಮಗಳು ಹೇಳಿದ ವಾಸನೆ ಎಲ್ಲೂ ಇಲ್ಲ ಎಂದ.

ಸೌಮ್ಯಶ್ರೀ ಅವನ ಕೈಯಿಂದ ಲೋಟ ತೆಗೆದುಕೊಂಡು ಮೂಸಿದಳು. ಲಿಂಬೆಯಿತ್ತು. ಹಸಿ ಸೇಬಿತ್ತು. ಅದರ ಹಿಂದೆ ಏನೂ ಇರಲಿಲ್ಲ. ಅವಳು ಲೋಟವನ್ನು ಅಪ್ಪನ ಕಡೆಗೆ ಸರಿಸಿ, ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಬಂಗುಡೆಯ ಮುಳ್ಳು ಬಿಡಿಸತೊಡಗಿದಳು.