ಲಾಭಕ್ಕೊಂದು ಗೆರೆ

ಅಮೃತಾಳಿಗೆ ಕೂತು ಲೆಕ್ಕ ಮಾಡಲು ಬರುವುದಿಲ್ಲ. ಬೆಂಚಿನ ಮೇಲೆ ಕೂರಿಸಿದರೆ ಮೊಣಕಾಲು ಕುಣಿಯುತ್ತದೆ, ಪೆನ್ನಿನ ಮುಚ್ಚಳ ಹಲ್ಲಿಗೆ ಹೋಗುತ್ತದೆ, ಕಣ್ಣು ಎದುರಿನ ಪ್ರಶ್ನೆ ಬಿಟ್ಟು ಕಿಟಕಿಯಾಚೆಯ ನೀರಿನ ಟ್ಯಾಂಕು ಹತ್ತುತ್ತದೆ. ಎದ್ದು ನಡೆಯಲು ಬಿಟ್ಟರೆ ಮಾತ್ರ ತಲೆ ಓಡುತ್ತದೆ. ಕೊಟ್ಟೂರಿನ ಆ ಹೈಸ್ಕೂಲಿನ ವರಾಂಡದಲ್ಲಿ ಶಾಲೆ ಬಿಟ್ಟ ಮೇಲೂ ಒಬ್ಬ ಹುಡುಗಿ ತನ್ನಷ್ಟಕ್ಕೆ ಏನೋ ಗೊಣಗುತ್ತ, ಚಿಟಿಕೆ ಹೊಡೆಯುತ್ತ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರೆ ಅದು ಅಮೃತಾ. ಕಂಬಕ್ಕೊರಗಿ ನೆಲದ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದವಳು ಕೀರ್ತನಾ.

ಇಬ್ಬರೂ ಒಂಬತ್ತನೇ ಕ್ಲಾಸು. ಅಮೃತಾ ಊರಿನ ಕಾಳುಕಡಿ ಅಂಗಡಿಯ ಸೋಮಶೇಖರ್ ಅವರ ಮಗಳು. ಕೀರ್ತನಾ ಗುಡೇಕೋಟೆಯ ಕಡೆಯವಳು. ಮನೆಯಲ್ಲಿ ಕುರಿ ಸಾಕುತ್ತಾರೆ, ಅವಳು ಕೊಟ್ಟೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಈ ಇಬ್ಬರನ್ನು ಒಟ್ಟಿಗೆ ಹಾಕಿದ್ದು ಗಣಿತದ ಪ್ರವೀಣಕುಮಾರ್ ಸರ್. ಹರಪನಹಳ್ಳಿಯಲ್ಲಿ ಒಂದು ಟ್ರಸ್ಟಿನವರು ವರ್ಷಕ್ಕೊಮ್ಮೆ ಜೋಡಿ ಗಣಿತ ಸ್ಪರ್ಧೆ ಇಡುತ್ತಾರೆ. ಶಾಲೆಗೆ ಒಂದೇ ಜೋಡಿ. ಜೋಡಿಗೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ಪೆನ್ನು. ಒಬ್ಬರು ಯೋಚಿಸಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಸೂತ್ರ ಹಾಕಿದ ತಕ್ಷಣ ಬಾಯಿ ಬಿಡುವ ಲೆಕ್ಕಗಳಲ್ಲ ಅವು. ಸುತ್ತ ತಿರುಗಿ, ಗೋಡೆ ತಡವಿ, ಬಾಗಿಲು ಎಲ್ಲಿದೆ ಎಂದು ಹುಡುಕಬೇಕಾದವು. ಗೆದ್ದವರಿಗೆ ಬೇಸಿಗೆಯಲ್ಲಿ ಹೊಸಪೇಟೆಯಲ್ಲಿ ಶಿಬಿರ. ಬೆಳಗಿನಿಂದ ಸಂಜೆಯವರೆಗೆ ಬರೀ ಇಂಥವೇ ಲೆಕ್ಕ ಅಂತೆ. ಆ ಶಿಬಿರದ ವಿಷಯ ಕೇಳಿದಂದಿನಿಂದ ಅಮೃತಾಳಿಗೆ ಬೇರೆ ಯಾವುದರಲ್ಲೂ ರುಚಿ ಉಳಿದಿರಲಿಲ್ಲ.

ಎಣಿಸುವ ಲೆಕ್ಕ ಬಂದಾಗ ಅವರದ್ದೇ ಒಂದು ಪದ್ಧತಿ ಬೆಳೆದಿತ್ತು. ಎಷ್ಟು ದಾರಿ, ಎಷ್ಟು ಬಗೆ, ಎಷ್ಟು ಆಕೃತಿ ಎಂದೆಲ್ಲ ಕೇಳುವ ಲೆಕ್ಕಗಳಲ್ಲಿ ಅಮೃತಾ ನಡೆಯುತ್ತ ನಡೆಯುತ್ತ ತಲೆಯೊಳಗೇ ಒಂದೊಂದಾಗಿ ಹುಡುಕುವಳು; ಸಿಕ್ಕಿದ್ದಕ್ಕೆ ಒಂದು ಚಿಟಿಕೆ. ಎಷ್ಟಾಯಿತೆಂದು ನೆನಪಿಡುವ ತಾಳ್ಮೆ ಅವಳದಲ್ಲ. ಅದು ಕೀರ್ತನಾಳ ಪಾಲು: ಚಿಟಿಕೆಗೊಂದು ಗೆರೆ. ಕೊನೆಗೆ ಅಮೃತಾ “ಮುಗೀತು” ಅಂದಾಗ ಗೆರೆ ಎಣಿಸಿ ಉತ್ತರ ಬರೆಯುವುದು. ಚೆನ್ನಾಗಿಯೇ ಇತ್ತು ಪದ್ಧತಿ. ಉತ್ತರ ಮಾತ್ರ ತಪ್ಪುತ್ತಿತ್ತು. ಬೀಜಗಣಿತದಲ್ಲಿ ತಪ್ಪುತ್ತಿರಲಿಲ್ಲ, ರೇಖಾಗಣಿತದಲ್ಲಿ ತಪ್ಪುತ್ತಿರಲಿಲ್ಲ, ಈ ಎಣಿಸುವ ಲೆಕ್ಕಗಳಲ್ಲೇ ತಪ್ಪುತ್ತಿತ್ತು.

ಶನಿವಾರವೂ ಅದೇ ಆಯಿತು. ಸುತ್ತಳತೆ ಹದಿನೈದು, ಮೂರೂ ಬಾಹು ಪೂರ್ಣ ಸಂಖ್ಯೆ. ಅಂಥ ಬೇರೆ ಬೇರೆ ತ್ರಿಭುಜ ಎಷ್ಟು? ಸ್ಟಾಫ್ ರೂಮಿನಿಂದ ಹೊರಗೆ ಬಂದ ಪ್ರವೀಣಕುಮಾರ್ ಸರ್ ಹಾಳೆ ನೋಡಿದರು.

“ಆರು ಬರದೀರಿ. ಏಳು ಅದಾವು. ಮತ್ತ ಒಂದು ಕಡಿಮಿ.”

ಕೀರ್ತನಾ ತಲೆ ತಗ್ಗಿಸಿ ಗೆರೆಗಳನ್ನು ಇನ್ನೊಮ್ಮೆ ಎಣಿಸಿದಳು. ಅವಳು ಚೀಲ ಹೆಗಲಿಗೇರಿಸಿ ಊರಿನ ಬಸ್ಸಿಗೆ ಹೋದ ಮೇಲೆ ಸರ್ ಅಮೃತಾಳನ್ನು ಕರೆದರು.

“ಆ ಹುಡುಗಿ ಶಾಣ್ಯಾಕಿ ಅದಾಳ, ಇಲ್ಲ ಅನ್ನಂಗಿಲ್ಲ. ಆದ್ರ ಎಣಸಬೇಕಾದ್ರ ಗಮನ ಎಲ್ಲೋ ಹೋಗತೈತಿ. ಅಲ್ಲಿ ಅರ್ಧದಷ್ಟು ಎಣಸೂ ಲೆಕ್ಕನ ಬರತಾವು. ವಾಣಿಶ್ರೀನ ಹಾಕೋಣೇನು?”

ಅಮೃತಾ ಕಂಬವನ್ನು ಒಂದು ಸುತ್ತು ಹಾಕಿ ಬಂದಳು.

“ನಾ ಹಾಕಿಬಿಡಬೌದು. ಆದ್ರ ಜೋಡಿ ನಿಂದು. ಸೋಮವಾರ ಪ್ರೇಯರ್‌ಕಿಂತ ಮುಂಚೆ ಹೇಳಿಬಿಡಮ್ಮ. ಅವತ್ತೇ ಹೆಸರು ಕಳಸಬೇಕು.”

ವಾಣಿಶ್ರೀ ಎಂದರೆ ಅಚ್ಚು ಹಾಕಿದಂಥ ಅಕ್ಷರ, ನೆಟ್ಟಗೆ ಕೂತ ಬೆನ್ನು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಾಳೆ. ಅಮೃತಾಳಿಗೆ ಒಂದು ಕ್ಷಣ ಹಾಯೆನಿಸಿತು. ಆಮೇಲೆ ಹಾಗನಿಸಿದ್ದೇ ಹಿಂಸೆಯಾಗತೊಡಗಿತು.

ಮನೆಗೆ ಬಂದರೆ ಅಂಗಡಿಯಲ್ಲಿ ಅಜ್ಜ ಗುರುಸಂಗಪ್ಪ ಯಾರಿಗೋ ಬಿತ್ತನೆಯ ಜೋಳ ಅಳೆದು ಹಾಕುತ್ತಿದ್ದರು. ತೂಕಕ್ಕೆ ಯಂತ್ರ ಬಂದು ಎಷ್ಟೋ ಕಾಲವಾಯಿತು. ಬಿತ್ತನೆ ಕಾಳನ್ನು ಮಾತ್ರ ಅಜ್ಜ ಇಂದಿಗೂ ಸೇರಿನಲ್ಲೇ ಅಳೆಯುವುದು. ಮೊದಲ ಸೇರಿಗೆ ಅವರು ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಅಮೃತಾ ಮಾತು ಕಲಿಯುವ ಮೊದಲಿನಿಂದ ಕೇಳಿದ ರಾಗ ಅದು. ಈಗ ಕಿವಿಗೇ ಬೀಳುವುದಿಲ್ಲ. ಅವಳು ಚೀಲಗಳ ನಡುವೆ ಹೋಗಿ ಬಂದು, ಹೋಗಿ ಬಂದು, ಕೀರ್ತನಾಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಳು.

“ನಿಂದ್ರ ಒಂದೀಟು. ನೆಲ ಸವೀತೈತಿ,” ಅಂದರು ಅಜ್ಜ.

ಮರುದಿನ ಭಾನುವಾರ ಅಪ್ಪ ಅಂಗಡಿಗೆ ಹುಣಸೆಹಣ್ಣು ಕೊಂಡು ತರಲು ಗುಡೇಕೋಟೆಯ ಕಡೆ ಹೊರಟಿದ್ದರು. ಅಮೃತಾ ಹೋಗಿ ಗಾಡಿಯಲ್ಲಿ ಕೂತೇಬಿಟ್ಟಳು.

“ನಿನಗೇನ ಕೆಲಸ ಅಲ್ಲಿ?” ಅಂದರು ಅಪ್ಪ.

“ಕೀರ್ತನಾ ಊರು.”

“ನಾಳಿ ಸಾಲ್ಯಾಗ ಸಿಗತಾಳಲ್ಲ?”

“ನಾಳಿಗಿ ತಡ ಆಗತೈತಿ.”

ಕೂಡ್ಲಿಗಿ ದಾಟುವವರೆಗೂ ಅವಳು ಒಂದೇ ವಾಕ್ಯವನ್ನು ತಿರುತಿರುಗಿ ಕಟ್ಟುತ್ತಿದ್ದಳು. ಸರ್ ಹೇಳ್ಯಾರ ಎಂದು ಶುರು ಮಾಡಿದರೆ ಸುಳ್ಳಾಗುತ್ತದೆ. ಸರ್ ಕೇಳಿದ್ದಾರೆ ಅಷ್ಟೆ. ನನಗನ್ನಿಸತೈತಿ ಎಂದರೆ ಒರಟಾಗುತ್ತದೆ. ಕಿಟಕಿಯಾಚೆ ಬಂಡೆಗುಡ್ಡಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವುಗಳ ನಡುವೆ ಎಷ್ಟು ದಾರಿ ಇರಬಹುದೆಂದು ಅವಳ ತಲೆ ತನಗೆ ತಾನೇ ಎಣಿಸಹೊರಟಿತು. ಬೆರಳು ಚಿಟಿಕೆ ಹೊಡೆಯಿತು.

“ರೇಡಿಯೋ ಹಚ್ಚಲೇನವ್ವ?” ಅಂದರು ಅಪ್ಪ.

ಊರಿನ ಅಂಚಿನಲ್ಲಿ ಕೀರ್ತನಾಳ ಮನೆ. ಪಕ್ಕದಲ್ಲೇ ಮುಳ್ಳುಬೇಲಿ ಸುತ್ತಿದ ಕುರಿಯ ರೊಪ್ಪ. ಕುರಿಗಳನ್ನು ಇನ್ನೂ ಬಿಟ್ಟಿರಲಿಲ್ಲ. ಒಳಗೆ ಒತ್ತೊತ್ತಾಗಿ ನಿಂತು ಅರಚುತ್ತಿದ್ದವು. ಬೇಲಿಯ ಬಾಯಲ್ಲಿ ಕೀರ್ತನಾಳ ಅಜ್ಜಿ ದ್ಯಾಮಕ್ಕ ಕೋಲು ಹಿಡಿದು ನಿಂತಿದ್ದಳು. ಅಪ್ಪ ಅಮೃತಾಳನ್ನು ಇಳಿಸಿ ಹುಣಸೆ ತೋಪಿನ ಕಡೆ ಹೋದರು.

“ಕೊಟ್ಟೂರು ಸಾವ್ಕಾರ್ರ ಮಗಳೇನ ನೀನು? ಬಾರವ್ವ, ಕುಂದ್ರು,” ಅಂದಳು ದ್ಯಾಮಕ್ಕ.

“ಆಕಿಗಿ ಕುಂದ್ರಾಕ ಬರಂಗಿಲ್ಲಜ್ಜಿ.” ಒಳಗಿಂದ ಬಂದ ಕೀರ್ತನಾ ಕೈ ಒರೆಸಿಕೊಳ್ಳುತ್ತಿದ್ದಳು. ಮುಖದಲ್ಲಿ ಆಶ್ಚರ್ಯವಿತ್ತು, ಸಂತೋಷವೂ ಇತ್ತು.

“ಹಂಗಾರ ಕುರಿ ಹಿಂದ ಹೋಗ್ಲಿ. ಅಲ್ಲಿ ಯಾರೂ ಕುಂದ್ರು ಅನ್ನಂಗಿಲ್ಲ.”

ಅಮೃತಾಳಿಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಕಟ್ಟಿದ ವಾಕ್ಯ ಹಾರಿಹೋಗಿತ್ತು. ಬೇಲಿಯ ಬಳಿ ನಿಂತು, ಒಂದೇ ಉಸಿರಿಗೆ, ಸರ್ ಕೇಳಿದ್ದು, ವಾಣಿಶ್ರೀಯ ಹೆಸರು, ಸೋಮವಾರದ ಗಡುವು, ಎಲ್ಲ ಹೇಳಿಬಿಟ್ಟಳು. “ನಾನು ಹೂಂ ಅನ್ನಬೇಕಂತ ಮಾಡೀನಿ. ಬೆನ್ನ ಹಿಂದ ಹೇಳಬಾರದಂತ ಬಂದೆ. ನೀ ಒಂದೊಂದು ಬಿಡ್ತಿ ಲೇ. ಪ್ರತಿ ಸಲ.”

ಕೀರ್ತನಾ ಬೇಲಿಯಿಂದ ಒಂದು ಒಣ ಕಡ್ಡಿ ಮುರಿದುಕೊಂಡಳು.

“ನಾನೂ ಒಂದು ಹೇಳ್ಲಾ? ಬಿಡೂದು ನಾನಲ್ಲ, ನೀನು. ಓಡ್ಯಾಡಿ ಓಡ್ಯಾಡಿ ಒಂದು ಮರೀತಿ. ಸರ್ ಮುಂದ ನಾನು ಒಂದಿನಾನೂ ಅಂದಿಲ್ಲ.”

“ನಾ ಮರೀತೀನಾ?”

“ಮತ್ತ ನಾ ಹೊಡೀತೀನೇನ ಚಿಟಿಕಿ?”

“ಹಂಗಾರ ಈಗ ಮಾಡೂಣು. ಇಲ್ಲೇ. ಅದ ತ್ರಿಭುಜದ್ದು.”

ಕೀರ್ತನಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಅಮೃತಾ ಬೇಲಿಯ ಉದ್ದಕ್ಕೆ ನಡೆಯತೊಡಗಿದಳು. ಬೇಲಿಯಾಚೆ ಒಂದು ಮರಿ ಅವಳ ಜೊತೆಗೇ ನಡೆಯಿತು. ಕಾಲು ಚುರುಕಾಯಿತು, ತಲೆ ತಿಳಿಯಾಯಿತು, ತ್ರಿಭುಜಗಳು ದೊಡ್ಡ ಬಾಹುವಿನಿಂದ ಇಳಿಯುತ್ತ ಒಂದೊಂದಾಗಿ ಬಂದವು. ಚಿಟಿಕೆ, ಚಿಟಿಕೆ, ಒಂದು ತಿರುವು, ಮತ್ತೆ ಚಿಟಿಕೆ. “ಮುಗೀತು.”

“ಆರು,” ಅಂದಳು ಕೀರ್ತನಾ. ಮಣ್ಣಿನಲ್ಲಿ ಆರು ಗೆರೆ ಇದ್ದವು.

“ಬಾಯಿ ಬಿಟ್ಟು ಹೇಳ್ತೀನಿ, ಒಂದೊಂದು ಗೆರಿ ಮುಟ್ಟು. ಏಳು, ಏಳು, ಒಂದು.”

ಕೀರ್ತನಾಳ ಕಡ್ಡಿ ಅಲ್ಲಾಡಲಿಲ್ಲ. “ಅದಿಲ್ಲ. ಮುಂದಿಂದು ಹೇಳು.”

“ಏಳು, ಆರು, ಎರಡು.”

“ಇಲ್ಲಿಂದ ನನ್ನ ಗೆರಿ ಶುರು.”

“ಮೊದಲನೇದಕ್ಕ ಯಾಕ ಹಾಕ್ಲಿಲ್ಲ?”

“ಮೊದಲನೇದಕ್ಕ ನೀ ಎಲ್ಲಿ ಚಿಟಿಕಿ ಹೊಡೀತಿ? ಲಾಭ ಅಂತಿ.”

“ನಾನು?”

ಕೀರ್ತನಾ ಎದ್ದಳು. ಕತ್ತು ಮುಂದೆ ಬಾಗಿಸಿದಳು, ಎಡಗೈ ಬೆನ್ನಿಗೆ ಕಟ್ಟಿದಳು, ಹುಬ್ಬು ಗಂಟಿಕ್ಕಿ ನಾಲ್ಕು ಹೆಜ್ಜೆ ನಡೆದು ಗಂಟಲೊಳಗೇ ‘ಲಾಭ’ ಅಂದಳು. ಆಮೇಲೆ ಬಲಗೈ ಎತ್ತಿ ಟಪ್, ಟಪ್, ಟಪ್. ದ್ಯಾಮಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಅಮೃತಾಳ ಕಿವಿ ಬಿಸಿಯಾಯಿತು. ಅದು ಅವಳ ನಡಿಗೆಯಷ್ಟೇ ಅಲ್ಲ, ಅಜ್ಜನ ಕತ್ತು, ಅಜ್ಜನ ಗಂಟಲು.

“ಲಾಭ ಅಂದ್ರ ಒಂದು ಲೇ. ನಮ್ಮ ಅಂಗಡ್ಯಾಗ ಮೊದಲನೇದಕ್ಕ ಹಂಗ ಅಂತಾರ.”

“ನನಗೇನ ಗೊತ್ತು ನಿಮ್ಮ ಅಂಗಡಿ? ಹಾಳಿ ಮ್ಯಾಲ ಮೊದಲು ಶ್ರೀ ಬರೀತಾರಲ್ಲ, ಹಂಗ ಅಂತಿ ಅಂದ್ಕೊಂಡಿದ್ದೆ. ಶ್ರೀಗೆ ಯಾರಾದ್ರೂ ಲೆಕ್ಕ ಹಿಡೀತಾರೇನು?”

ಅಷ್ಟರಲ್ಲಿ ದ್ಯಾಮಕ್ಕ ಬೇಲಿಯ ಬಾಯಿಗಿಟ್ಟ ಮುಳ್ಳುಕಂಟಿಯನ್ನು ಕೋಲಿನಿಂದ ಸರಿಸಿದಳು. ಮೊದಲು ಹೊರಬಂದದ್ದು ಹಣೆಗೆ ಅರಿಶಿನದ ಭಂಡಾರ ಹಚ್ಚಿದ, ಕೊರಳಲ್ಲಿ ಗಂಟೆ ಇದ್ದ ಒಂದು ಟಗರು. ಅದಕ್ಕೆ ಅವಸರವಿರಲಿಲ್ಲ. ದ್ಯಾಮಕ್ಕ “ದೇವರದು” ಅಂದು ಸುಮ್ಮನೆ ದಾರಿಬಿಟ್ಟಳು. ಅದರ ಹಿಂದೆ ನುಗ್ಗಿದವಕ್ಕೆ ಮಾತ್ರ ಎರಡು ಬೆರಳು ಚಾಚಿ ಜೋಡಿ ಜೋಡಿಯಾಗಿ ಎಣಿಸತೊಡಗಿದಳು.

“ಟಗರು ಎಣಸಲಿಲ್ಲ,” ಅಂದಳು ಅಮೃತಾ ಮೆಲ್ಲಗೆ.

“ಅದು ದೇವರಿಗೆ ಬಿಟ್ಟಿದ್ದು. ನಮ್ಮದರಾಗ ಹೆಂಗ ಹಿಡಿಯೂದು? ಮೊದಲನೇದು ಹೋಗಬೇಕು, ಆಮ್ಯಾಲ ಲೆಕ್ಕ,” ಅಂದ ಕೀರ್ತನಾ ತಾನೇ ಆಡಿದ ಮಾತಿಗೆ ತಡೆದು ನಿಂತಳು.

ಇಬ್ಬರೂ ಮಣ್ಣಿನ ಮೇಲಿನ ಗೆರೆಗಳನ್ನು ನೋಡಿದರು. ಕುರಿಗಳು ಅವುಗಳ ಮೇಲೆಯೇ ಹಾದುಹೋದವು. ಇಷ್ಟು ದಿನ ಒಬ್ಬಳು ಮೊದಲನೆಯದನ್ನು ಹೆಸರಿಟ್ಟು ಎಣಿಸಿದ್ದಳು, ಇನ್ನೊಬ್ಬಳು ಅದೇ ಹೆಸರು ಕೇಳಿ ಕೈಬಿಟ್ಟಿದ್ದಳು. ಇಬ್ಬರೂ ಇನ್ನೊಬ್ಬಳ ಮಾನ ಕಾಯುತ್ತಿದ್ದೇನೆಂದು ನಂಬಿದ್ದರು.

“ಹಂಗಾರ ವಾಣಿಶ್ರೀ?” ಕೇಳಿದಳು ಕೀರ್ತನಾ.

ಅಮೃತಾ ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಗಾಡಿ ಬಂದು ಹಾರ್ನ್ ಹೊಡೆಯಿತು. ಸರ್ ನಂಬದಿದ್ದರೆ? ಎಂಬ ಹೊಸ ಚಡಪಡಿಕೆಯೊಂದು ಅಷ್ಟರಲ್ಲೇ ಅವಳೊಳಗೆ ಓಡಾಡತೊಡಗಿತ್ತು. “ನಾಳಿ ಜಲ್ದಿ ಬಾ,” ಅಂದಳಷ್ಟೆ. ಯಾರ ರೂಢಿ ಬದಲಾಗಬೇಕೆಂಬುದನ್ನು ಇಬ್ಬರೂ ಮಾತಾಡಿಕೊಳ್ಳಲಿಲ್ಲ.

ಸೋಮವಾರ ಪ್ರವೀಣಕುಮಾರ್ ಸರ್ ವರಾಂಡದಲ್ಲೇ ನಿಂತು ಎಲ್ಲ ಕೇಳಿದರು. ನಗು ತಡೆದುಕೊಂಡಂತೆ ಕಂಡಿತು. ಪೂರ್ತಿ ನಂಬಿದಂತೆ ಕಾಣಲಿಲ್ಲ. ತುಸು ದೂರದಲ್ಲಿ ವಾಣಿಶ್ರೀ ಕೈಯಲ್ಲಿ ಜಾಮಿಟ್ರಿ ಬಾಕ್ಸು ಹಿಡಿದು ಸಭ್ಯವಾಗಿ ಬೇರೆ ಕಡೆ ನೋಡುತ್ತ ನಿಂತಿದ್ದಳು.

“ಆತು, ಒಂದು ಮಾಡಿ ತೋರಸ್ರಿ. ಚೌಕ ಚೌಕ ಓಣಿ ಇರೋ ಊರು. ಮೂರು ಓಣಿ ಪೂರ್ವಕ್ಕ ಹೋಗಬೇಕು, ಎರಡು ಓಣಿ ಉತ್ತರಕ್ಕ. ಹಿಂದಕ್ಕ ತಿರಗಂಗಿಲ್ಲ. ಎಷ್ಟು ದಾರಿ?”

ಸೂತ್ರ ಗೊತ್ತಿದ್ದರೆ ಒಂದೇ ಸಾಲಿನ ಲೆಕ್ಕ. ಆ ಪಾಠ ಅವರಿಗೆ ಇನ್ನೂ ಬಂದಿರಲಿಲ್ಲ. ಅಮೃತಾ ನಡೆದಳು. ಮೊದಲನೆಯದಕ್ಕೂ ಚಿಟಿಕೆ ಹೊಡೆಯಬೇಕು, ಚಿಟಿಕೆ ಹೊಡೆಯಬೇಕು ಎಂದು ರಾತ್ರಿಯೆಲ್ಲ ಬೆರಳಿಗೆ ಪಾಠ ಹೇಳಿದ್ದಳು. ಮೊದಲ ದಾರಿ ಸಿಕ್ಕಿತು. ನಾಲಿಗೆ ತನ್ನ ಪಾಡಿಗೆ ತಾನು ‘ಲಾಭ’ ಅಂದಿತು. ಅವಳು ಹಲ್ಲು ಕಚ್ಚಿ ತಕ್ಷಣ ಒಂದು ಚಿಟಿಕೆ ಹೊಡೆದಳು. ಆಮೇಲೆ ಸಲೀಸಾಯಿತು, ಕಾಲು ಓಣಿ ಓಣಿ ಹೊಕ್ಕು ಹೊರಟಿತು.

“ಮುಗೀತು.”

ಕೀರ್ತನಾ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. “ಹನ್ನೊಂದು ಸರ್.”

“ಹತ್ತು.” ಸರ್ ಹಣೆ ಉಜ್ಜಿಕೊಂಡರು. “ಈಗ ಒಂದು ಹೆಚ್ಚಿಗಿ.”

ಅಮೃತಾ ಬಂದು ಹಾಳೆ ನೋಡಿದಳು. ಎಲ್ಲ ಗೆರೆಗಳಿಗಿಂತ ಮೊದಲು, ಸ್ವಲ್ಪ ದೂರದಲ್ಲಿ, ಪೆನ್ನು ಒತ್ತಿ ಎಳೆದ ಒಂದು ದಪ್ಪ ಗೆರೆ ಇತ್ತು.

“ಲಾಭಕ್ಕ ಹಾಕಿದಿ?”

“ಹಾಕೀನಿ. ನೀ ಬಿಡಂಗಿಲ್ಲ ಅಂತ ಗೊತ್ತಿತ್ತು. ಚಿಟಿಕಿನೂ ಹೊಡೀತಿ ಅಂತ ಗೊತ್ತಿರಲಿಲ್ಲ.”

ಗಂಟೆ ಹೊಡೆಯಿತು. ಮೈದಾನದಲ್ಲಿ ಸಾಲುಗಳು ಕೂಡತೊಡಗಿದವು. ಸರ್ ಜೇಬಿನಿಂದ ಪೆನ್ನು ತೆಗೆದರು. “ಹೇಳಮ್ಮ. ಯಾರ ಹೆಸರು?”

ವಾಣಿಶ್ರೀಯಾದರೆ ತಪ್ಪುತ್ತಿರಲಿಲ್ಲ. ಅಮೃತಾಳಿಗೆ ಅದು ಗೊತ್ತಿತ್ತು. ಹೇಳಿದ್ದಷ್ಟನ್ನೇ ಬರೆಯುವವಳು ಆ ದಪ್ಪ ಗೆರೆಯನ್ನು ಎಳೆಯುತ್ತಲೂ ಇರಲಿಲ್ಲ. ನಿನ್ನೆ ರಾತ್ರಿ ಅತ್ತ ಗುಡೇಕೋಟೆಯಲ್ಲೂ ಒಂದು ಕೈ, ತನ್ನದಲ್ಲದ ಒಂದು ಮಾತಿಗೆ ಗೆರೆ ಎಳೆಯುವುದನ್ನು ರೂಢಿ ಮಾಡಿಕೊಳ್ಳುತ್ತಿತ್ತು.

“ಕೀರ್ತನಾ ಸರ್.”

“ಉತ್ತರ ತಪ್ಪೈತಿ.”

“ಹೌದ್ರಿ ಸರ್. ತಪ್ಪೈತಿ.”

ಅವಳು ಮುಂದೆ ಇನ್ನೇನಾದರೂ ಹೇಳುತ್ತಾಳೆಂದು ಸರ್ ಕಾದರು. ಅವಳ ಮೊಣಕಾಲು ಮಾತ್ರ ಕುಣಿಯುತ್ತಿತ್ತು. ಸರ್ ಒಮ್ಮೆ ವಾಣಿಶ್ರೀಯ ಕಡೆ ನೋಡಿದರು, ಇನ್ನೊಮ್ಮೆ ಹಾಳೆಯ ಕಡೆ ನೋಡಿದರು, ಎರಡು ಹೆಸರು ಬರೆದುಕೊಂಡು ಮೈದಾನಕ್ಕಿಳಿದರು.

ಸಾಲಿನಲ್ಲಿ ಕೀರ್ತನಾ ಅವಳ ಹಿಂದೆಯೇ ಬಂದು ನಿಂತಳು.

“ರೂಢಿ ಬಿಡೂದು ಯಾರು? ನೀನೋ, ನಾನೋ?” ಬೆನ್ನ ಹಿಂದಿನಿಂದ ಪಿಸುದನಿ.

“ನಾಲಿಗಿ ನನ್ನ ಮಾತು ಕೇಳವಲ್ದು.”

“ಹಂಗಾರ ನೀ ಲಾಭ ಅನ್ನು. ನಾ ಗೆರಿ ಹಾಕ್ತೀನಿ. ಆದ್ರ ಚಿಟಿಕಿ ಬ್ಯಾಡ, ಮೊದಲನೇದಕ್ಕ. ಆಗತೈತೇನು?”

ಪ್ರಾರ್ಥನೆ ಶುರುವಾಯಿತು. ಇನ್ನು ಅಲುಗಾಡುವಂತಿಲ್ಲ. ಹೊತ್ತು ಕಳೆಯಲೆಂದು ಅಮೃತಾ ಎದುರಿನ ಸಾಲುಗಳಲ್ಲಿ ಏನನ್ನೋ ಎಣಿಸಲು ಹೊರಟಳು. ತುಟಿಯೊಳಗೆ ಲಾಭ ಎಂದಳು. ಹೆಬ್ಬೆರಳು ಆಗಲೇ ನಡುಬೆರಳಿಗೆ ತಾಗಿ ಕಾಯುತ್ತಿತ್ತು. ಅವಳು ಅದನ್ನು ಮುಷ್ಟಿಯೊಳಗೆ ಮಡಚಿ, ಉಗುರು ಅಂಗೈಗೆ ಒತ್ತುವಷ್ಟು ಬಿಗಿಯಾಗಿ ಹಿಡಿದಳು.