ಮನಗೂಳಿಯ ಸುಂದರವ್ವ ವೇಲಾಂಕಣ್ಣಿಗೆ ಹೋದದ್ದು

'ನೋಡೂಣು' ಎಂಬ ಮಾತು ಸುಂದರವ್ವನ ಬಾಯಿಂದ ಬಂದುದನ್ನು ಕೇಳಿದವರು ಮನಗೂಳಿಯಲ್ಲಿ ಯಾರೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಆ ಮಾತಿಗೆ ಇದ್ದ ಚಲಾವಣೆ ಸರಕಾರದ ನೋಟಿಗೂ ಇರಲಿಲ್ಲ. ಎತ್ತು ಕೇಳಿದವನಿಗೂ, ಕನ್ಯೆ ಕೇಳಿದವನಿಗೂ, ಸಂತೆಗೆ ಬರುವೆಯಾ ಎಂದವನಿಗೂ ಅದೊಂದೇ ಉತ್ತರ. ಕೇಳಿದವನು ಆಸೆ ಹೊತ್ತು ಹೋಗಬೇಕು, ಹೇಳಿದವನು ಹಗುರಾಗಿ ಉಳಿಯಬೇಕು. ಸುಂದರವ್ವನ ಬಳಿ ಇದ್ದ ಉತ್ತರಗಳು ಎರಡೇ, 'ಹೌದ್ರಿ' ಮತ್ತು 'ಇಲ್ಲರಿ'. ಅವೆರಡರಲ್ಲಿ ಒಂದನ್ನು ಹೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎದುರುಗಾಳಿಯಲ್ಲಿ ನಡೆಯುವವರಂತೆ ಮೈಯನ್ನು ತುಸು ಮುಂದಕ್ಕೆ ಬಾಗಿಸಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಗಟ್ಟಿಯಾಗಿ ಊರುತ್ತ ಆಕೆ ಹೊರಟಳೆಂದರೆ, ಆ ಮಾತು ಇನ್ನು ಬದಲಾಗುವುದಿಲ್ಲವೆಂದು ಇಡೀ ಓಣಿಗೆ ತಿಳಿದಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಅಲ್ಲಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದಾಗ, ಅವರ ಪಡಸಾಲೆಗೆ ಹೊಂದಿದ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಕೆಯ ಗಂಡ ಸಿದ್ದರಾಯ ಹೆಸರಾಂತ ಪೈಲ್ವಾನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಿ ಕುಸ್ತಿಯ ಕಣ ಬಿದ್ದರೂ ಅವನ ಹೆಸರು ಮೊದಲು ಕೇಳುತ್ತಿತ್ತು. ಚಡಚಣದಲ್ಲಿ ಸೊಲ್ಲಾಪುರದ ಮಲ್ಲನೊಬ್ಬನನ್ನು ಚಿತ್ತುಮಾಡಿ ಗೆದ್ದು ತಂದ ಕೇಸರಿ ಬಣ್ಣದ ಪಟಕಾ ಅವನ ತಲೆಯಿಂದ ಮಲಗುವಾಗ ಮಾತ್ರ ಇಳಿಯುತ್ತಿತ್ತು. ಅವನು ಗೆದ್ದು ಬಂದ ದಿನ ಹಲಗೆ ಬಡಿಯುತ್ತ ಜನ ಮನೆಯವರೆಗೆ ಕರೆತರುತ್ತಿದ್ದರು. ಸುಂದರವ್ವ ಮಾತ್ರ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಸೋತು ಬಂದ ದಿನ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಒಮ್ಮೆ ನಾನು ಇದರ ಕಾರಣ ಕೇಳಿದೆ. "ಗೆದ್ದಾಗ ಮಂದಿ ಇರ್ತಾರಲ್ರಿ ಮಾಸ್ತರ್ರ, ನನ್ನ ಕೆಲಸ ಏನೈತಿ ಅಲ್ಲಿ?" ಎಂದಳು.

ಮುದ್ದೇಬಿಹಾಳದ ಕಣದಲ್ಲಿ ಸಿದ್ದರಾಯನ ಬಲ ಮೊಣಕಾಲು ಮುರಿಯಿತು. ಮಿರಜಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಆದರೂ ಈ ಕಾಲು ಮತ್ತೆ ಭಾರ ಹೊರುವುದು ಸಂದೇಹವೆಂದು ವೈದ್ಯರು ಹೇಳಿದರು. ಅಲ್ಲಿ ನಾಗಪಟ್ಟಣದ ಕಡೆಯ ಆರೋಗ್ಯಮೇರಿ ಎಂಬ ನರ್ಸ್ ಇದ್ದಳು. ಅವಳಿಗೆ ಕನ್ನಡ ಬಾರದು, ಸುಂದರವ್ವನಿಗೆ ತಮಿಳು ಬಾರದು; ಹರಕು ಮರಾಠಿಯಲ್ಲಿ ಇಬ್ಬರೂ ಹೇಗೋ ಮಾತಾಡಿಕೊಳ್ಳುತ್ತಿದ್ದರು. ಅವಳು ತಮ್ಮ ಕಡಲತಡಿಯ ವೇಲಾಂಕಣ್ಣಿ ಚರ್ಚಿನ ಆರೋಗ್ಯಮಾತೆಯ ಚಿತ್ರವೊಂದನ್ನು ತೋರಿಸಿ, ನಡೆಯಲಾರದವರನ್ನು ನಡೆಸುವ ತಾಯಿ ಇವಳು, ಅಲ್ಲಿ ಭಕ್ತರು ಉಸುಕಿನ ಹಾದಿಯಲ್ಲಿ ಮೊಣಕಾಲೂರಿ ಸಾಗುತ್ತಾರೆ ಎಂದಳಂತೆ. ಸುಂದರವ್ವ ಚಿತ್ರದ ಮುಂದೆ ನಿಂತು, "ಇವರು ತಮ್ಮ ಕಾಲ ಮ್ಯಾಲ ತಾವು ಮನಿಗೆ ಬಂದ್ರ, ನಾ ನಿನ್ನ ಹಾದಿ ಮೊಳಕಾಲಿಲೆ ತುಳೀತೇನಿ" ಎಂದು ಮಾತು ಕೊಟ್ಟಳು.

ಸಿದ್ದರಾಯ ನಡೆದ. ಕಣಕ್ಕಿಳಿಯುವ ಕಾಲು ಅದಾಗಲಿಲ್ಲ, ಪೂರ್ತಿ ಮಡಚಲೂ ಬರುತ್ತಿರಲಿಲ್ಲ. ಆದರೆ ಕೋಲಿನ ಹಂಗಿಲ್ಲದೆ ಹೊಲಕ್ಕೆ ಹೋಗಿ ಬರುತ್ತಿದ್ದ. "ಅರ್ಧಾ ಕಾಲ ಕೊಟ್ಟಾಳ, ಅರ್ಧಾ ಹಾದಿ ನಡದ್ರ ಸಾಕಲ್ಲೇನು?" ಎಂದು ಹೆಂಡತಿಯನ್ನು ಕೆಣಕುತ್ತಿದ್ದ. ಆಕೆ ನಗುತ್ತಿರಲಿಲ್ಲ.

ಹರಕೆಯ ಸುದ್ದಿ ತಿಳಿದು ಸಿದ್ದರಾಯನ ಅಣ್ಣ ಶಂಕರೆಪ್ಪ ಬಂದ. ಊರಿನ ಹಿರಿಯ, ಮಠದ ಕೆಲಸಗಳಿಗೆ ಮುಂದಾಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತು, "ಕೊರಳಾಗ ಲಿಂಗ ಕಟ್ಟಿಕೊಂಡಾಕಿ ಯಾವುದೋ ದೇಶದ ಇಗರ್ಜಿ ಮುಂದ ಮೊಳಕಾಲೂರತೀಯೇನು? ಬಸವಣ್ಣ ಹುಟ್ಟಿದ ನೆಲದ ಮಂದಿ ನಾವು. ನಾಳೆ ಊರಾಗ ಮಾರಿ ಹ್ಯಾಂಗ ತೋರಸೂದು?" ಎಂದ.

ಸುಂದರವ್ವ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಹೇಳಿದಳು. "ಲಿಂಗ ನನ್ನ ಕೊರಳಾಗ ಐತ್ರಿ ಬಾವಾರ, ನಾ ಹೋದಲ್ಲಿ ಬರ್ತೈತಿ. ಆದ್ರ ಮಾತು ಅಕಿಗೆ ಕೊಟ್ಟೇನಿ. ಅದನ್ನ ಅಲ್ಲೇ ಹೋಗಿ ತೀರಿಸಬೇಕು."

"ನೀ ಹೋದ್ರ ನಾ ಈ ಮನಿಯಾಗ ನೀರ ಮುಟ್ಟೂದಿಲ್ಲ."

"ನಿಮ್ಮ ತಮ್ಮಾರು ನಡದು ಬಂದು ನಿಮ್ಮ ಮುಂದ ಕುಂತಾರ. ಆವಾಗ ಕೈ ಹಿಡದ ತಾಯಿನ್ನ ಈಗ ಮರತಬಿಡು ಅಂತೀರೇನು?"

ಶಂಕರೆಪ್ಪ ಎದ್ದು ಹೋದ. ಅಣ್ಣನ ಮಾತಿಗೆ ಎಂದೂ ಎದುರಾಡದ ಸಿದ್ದರಾಯ ತಲೆ ತಗ್ಗಿಸಿ ಕೂತಿದ್ದ. ಆ ಮನೆಯಲ್ಲಿ ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಮನೆತನ ಎರಡಾಗುವ ಭಯ ಸುಂದರವ್ವನಿಗೂ ಇತ್ತು. ಅವಳ ಕಣ್ಣು ಕೆಂಪಾಗಿದ್ದುದನ್ನು ನಾನು ಬಲ್ಲೆ. ಆದರೂ ಮರುದಿನ ಬೆಳಿಗ್ಗೆ ಆಕೆ ತನ್ನ ಸೊಂಟದ ಬೆಳ್ಳಿಯ ಡಾಬಿನ ಒಂದು ತುಂಡು ಹಿಡಿದು ಪತ್ತಾರ ಕಾಳಪ್ಪನ ಅಂಗಡಿಗೆ ಹೊರಟೇಬಿಟ್ಟಳು. ಗುಣವಾದ ಅಂಗವನ್ನು ಬೆಳ್ಳಿಯಲ್ಲಿ ಮಾಡಿಸಿ ಒಪ್ಪಿಸುವುದು ವೇಲಾಂಕಣ್ಣಿಯ ರೂಢಿಯೆಂದು ನರ್ಸ್ ಹೇಳಿದ್ದಳು. "ಕೈ ಮಾಡೇನಿ, ಕಾಲ ಮಾಡೇನಿ, ಬರೇ ಮೊಳಕಾಲ ಹ್ಯಾಂಗ ಮಾಡೂದವ್ವಾ?" ಎಂದು ಕಾಳಪ್ಪ ತಲೆ ಕೆರೆದುಕೊಂಡ. ಆಕೆ ಗಂಡನನ್ನೇ ಕರೆಸಿ ಅವನ ಮುಂದೆ ಕೂರಿಸಿದಳು. ಎಂಥೆಂಥ ಮಲ್ಲರೆದುರೂ ಅಳುಕದವನು ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು ಬಜಾರದ ನಡುವೆ ನಾಚುತ್ತ ಕೂತದ್ದು ಬಹಳ ದಿನ ಊರಿನ ಮಾತಾಯಿತು. ಕೊನೆಗೆ ಸಿದ್ಧವಾದದ್ದು ನೋಡಲು ಪೇರಲ ಹಣ್ಣಿನಂತಿತ್ತು. ಸುಂದರವ್ವ ಅದನ್ನು ತಿರುಗಿಸಿ ನೋಡಿ, "ಇರಲಿ, ಅಕಿಗೆ ತಿಳೀತೈತಿ" ಎಂದಳು.

ದಸರೆಯ ರಜೆಯಲ್ಲಿ ಹೊರಟೆವು. ರೈಲು ಬಲ್ಲವನೆಂಬ ಕಾರಣಕ್ಕೆ ನಾನೂ ಜೊತೆಯಾದೆ. ಒಳಗೊಳಗೆ ಕುತೂಹಲವೂ ಇತ್ತು. ಬಿಜಾಪುರದಿಂದ ಸೊಲ್ಲಾಪುರ, ಅಲ್ಲಿಂದ ಮದ್ರಾಸು, ಅಲ್ಲಿಂದ ನಾಗಪಟ್ಟಣ. ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಕಿಟಕಿಯ ಬದಿಗೆ ಕೂತ ಆಕೆ, ಮಣ್ಣಿನ ಬಣ್ಣ ಕಪ್ಪಿನಿಂದ ಕೆಂಪಾಗಿ, ಕೆಂಪಿನಿಂದ ಬಿಳುಪಾಗುವುದನ್ನು ಹೊಲದೊಡತಿಯ ಗಂಭೀರ ಆಸಕ್ತಿಯಿಂದ ನೋಡುತ್ತಿದ್ದಳು. ಎದುರು ಕೂತ ಅಪರಿಚಿತರಿಗೆಲ್ಲ ರೊಟ್ಟಿ ಮುರಿದು ಕೊಟ್ಟಳು.

ವೇಲಾಂಕಣ್ಣಿಯಲ್ಲಿ ಸಮುದ್ರವನ್ನು ಮೊದಲ ಬಾರಿ ಕಂಡಾಗಲೂ ಆಕೆ ನಿಂತು ನೋಡಲಿಲ್ಲ. ಮೊದಲು ಕೆಲಸ ಮುಗಿಯಬೇಕಿತ್ತು. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಇಳಕಲ್ ಸೀರೆಯ ನಿರಿಗೆಯನ್ನು ಮೇಲೆತ್ತಿ ಕಟ್ಟಿ, ಬೆಳ್ಳಿಯ ಮೊಣಕಾಲನ್ನು ಸೆರಗಿನಲ್ಲಿ ಗಂಟಿಕ್ಕಿ, ಉಸುಕಿಗೆ ಮೊಣಕಾಲೂರಿದಳು. ಸುತ್ತಲೂ ಎಷ್ಟೋ ಜನ ಹಾಗೆಯೇ ಸಾಗುತ್ತಿದ್ದರು, ತುಟಿಯಲ್ಲಿ ಜಪ, ಕೈಯಲ್ಲಿ ಮೇಣದ ಬತ್ತಿ. ಅರ್ಧ ಹಾದಿಗೆ ಬರುವಷ್ಟರಲ್ಲಿ ಸುಂದರವ್ವನ ಮೊಣಕಾಲಿನ ಚರ್ಮ ಸುಲಿದು ಉಸುಕಿನ ಮೇಲೆ ಕೆಂಪು ಗುರುತು ಬೀಳತೊಡಗಿತು. ಪಕ್ಕದ ತಮಿಳು ಮುದುಕಿಯೊಬ್ಬಳು ತಾಯಿಗೆ ಇಷ್ಟೇ ಸಾಕು, ಏಳು ಎಂಬಂತೆ ಕೈಸನ್ನೆ ಮಾಡಿದಳು. ಸುಂದರವ್ವ ತಲೆಯಾಡಿಸಿದಳು, ಇಲ್ಲರಿ.

ಆಗ ಸಿದ್ದರಾಯ ತಲೆಯ ಪಟಕಾ ಬಿಚ್ಚಿದ. ಕುಂಟುತ್ತ ಮುಂದೆ ಬಂದು, ಆ ಕೇಸರಿ ಬಟ್ಟೆಯನ್ನು ಹೆಂಡತಿಯ ಮುಂದೆ ಉಸುಕಿನ ಮೇಲೆ ಉದ್ದಕ್ಕೆ ಹಾಸಿದ. ಅವನ ಬರಿದಾದ ತಲೆಯನ್ನು ಹಗಲು ಬೆಳಕಿನಲ್ಲಿ ನಾನು ಕಂಡದ್ದು ಅದೇ ಮೊದಲು.

ಸುಂದರವ್ವ ಮೊಣಕಾಲೂರಿದಲ್ಲೇ ತಡೆದಳು. ಪಟಕಾ ಎತ್ತಿ, ಉಸುಕು ಝಾಡಿಸಿ, ಸುರುಳಿ ಸುತ್ತಿ ಅವನ ಕೈಗಿತ್ತಳು.

"ಹರಕಿ ನಂದು. ಇದು ನೀವು ಗೆದ್ದು ತಂದದ್ದು, ನೆಲಕ್ಕ ಹಾಸಾಕ ಅಲ್ಲ. ಸುತ್ತಿಕೋರಿ."

"ರಕ್ತ ಬರಾಕತ್ತೈತಿ ಸುಂದ್ರಾ."

"ನೀವು ಕಣದಾಗ ಇಳಿದಾಗ ನಾ ಎಂದಾದ್ರೂ ಬ್ಯಾಡ ಅಂದೇನೇನು?"

ಅವನು ಪಟಕಾ ಸುತ್ತಿಕೊಂಡ, ಆಮೇಲೆ ಅವಳ ಬಿಸಿಲ ಬದಿಗೆ ಬಂದು ನಿಂತ. ಆ ಅಗಲವಾದ ಮೈಯ ನೆರಳು ಅವಳ ಮೇಲೂ ಮುಂದಿನ ಉಸುಕಿನ ಮೇಲೂ ಬಿತ್ತು. ಅವಳು ಒಂದು ಸಲ ಮೇಲೆ ನೋಡಿದಳು; ನೆರಳನ್ನು ಬೇಡವೆನ್ನಲಿಲ್ಲ. ಹೀಗೆ, ಮಡಚದ ಕಾಲಿನ ಮಲ್ಲ ನಡೆಯುತ್ತ, ಮಣಿಯದ ಹೆಣ್ಣು ಮೊಣಕಾಲಿನಲ್ಲಿ ಸಾಗುತ್ತ, ಉಳಿದ ಹಾದಿಯನ್ನು ಮುಗಿಸಿದರು. ಜನ ದಾರಿ ಬಿಟ್ಟು ನಿಂತರು. ಯಾರೋ ನನ್ನನ್ನು ಇಂಗ್ಲಿಷಿನಲ್ಲಿ, ಇವರು ಯಾವ ಊರಿನವರು ಎಂದು ಕೇಳಿದರು. "ನಮ್ಮೂರಿನವರು, ಬಿಜಾಪುರ ಜಿಲ್ಲೆ" ಎಂದೆ. ಆ ಮೂರು ಶಬ್ದಗಳನ್ನು ಅಷ್ಟು ಎದೆಯುಬ್ಬಿಸಿ ನಾನು ಹಿಂದೆಂದೂ ಹೇಳಿರಲಿಲ್ಲ.

ಮಾತೆಯ ಎದುರು ಬೆಳ್ಳಿಯನ್ನು ಒಪ್ಪಿಸಿ ಆಕೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ಹೊರಬಂದ ಮೇಲೆ, ಇನ್ನೇನು ಬೇಡಿಕೊಂಡಿರಿ ಅಕ್ಕಾರ, ಎಂದು ಕೇಳಿದೆ. "ಬೇಡಾಕ ಎಲ್ಲಿ ಬಂದಿದ್ದೆ? ಬಂದೇನವ್ವಾ ಅಂತ ಹೇಳಿದೆ" ಎಂದಳು. ಆಮೇಲೆ ಸಮುದ್ರದ ದಂಡೆಗೆ ಹೋಗಿ, ಉಪ್ಪುನೀರು ಗಾಯಕ್ಕೆ ತಾಗಿ ಉರಿಯುತ್ತಿದ್ದರೂ, ಹೊತ್ತು ಇಳಿಯುವವರೆಗೆ ಮಗುವಿನಂತೆ ತೆರೆಗಳನ್ನು ನೋಡುತ್ತ ನಿಂತಳು.

ಊರಿಗೆ ಬಂದು ಕೆಲವು ದಿನಗಳಾದ ಮೇಲೆ ಶಂಕರೆಪ್ಪ ಬಿತ್ತನೆಯ ಮಾತಿಗೆಂದು ತಮ್ಮನಲ್ಲಿಗೆ ಬಂದ. ಒಳಗೆ ಬಾರದೆ ಕಟ್ಟೆಯ ಮೇಲೆ ಕೂತ. ಸುಂದರವ್ವ ಮಜ್ಜಿಗೆಯ ವಾಟಗ ತಂದು ಅವನ ಮುಂದಿಟ್ಟಳು. ಅವಳು ಇನ್ನೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅವನು ಅದನ್ನೇ ನೋಡುತ್ತಿದ್ದ.

"ನೆಲ ಬಿರುಸಿತ್ತೇನು?"

"ಉಸುಕರಿ ಬಾವಾರ. ಸುಡ್ತಿತ್ತು."

"ಪೂರಾ ಹಾದಿ ಹೋದಿಯೇನು?"

"ಹೌದ್ರಿ."

ಶಂಕರೆಪ್ಪ ಮೀಸೆಯ ಮೇಲೆ ಕೈಯಾಡಿಸಿದ. "ಹಂಗಾದ್ರ ನಮ್ಮ ಮನಿತನದ ಮಾತು ಅಷ್ಟು ದೂರ ಹೋಗಿನೂ ಉಳೀತು" ಎಂದು ವಾಟಗ ಎತ್ತಿ ಕುಡಿದ.

ಅಕ್ಷರ ಅರಿಯದ, ಶಾಸ್ತ್ರ ಕೇಳದ ಇಂಥ ಹೆಂಗಸರು ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಅಲ್ಲಲ್ಲಿ ಇದ್ದಾರೆ. ಯಾವ ದೇವರು ದೊಡ್ಡದೆಂದು ಕೇಳಿದರೆ ಅವರು ಸುಮ್ಮನಿರುತ್ತಾರೆ. ಅದು ಅವರಿಗೆ ಕೆಲಸವಿಲ್ಲದವರ ಪ್ರಶ್ನೆ. ಸಂಕಟದಲ್ಲಿ ಕೈಹಿಡಿದವರು ಮನುಷ್ಯರಿರಲಿ, ದೇವರಿರಲಿ, ನೆರೆಮನೆಯವರಿರಲಿ, ಸಾವಿರ ಹರದಾರಿ ಆಚೆಯ ಕಡಲ ದಂಡೆಯವರಿರಲಿ, ಅವರ ಬಾಗಿಲಿಗೆ ಒಮ್ಮೆ ಹೋಗಿ ಬರಬೇಕೆಂಬುದಷ್ಟೇ ಅವರ ಧರ್ಮ. ಅವರು ಮೊಣಕಾಲೂರಿದ್ದನ್ನು ನಾನು ಕಂಡಿದ್ದೇನೆ. ಅಷ್ಟು ಎತ್ತರದಲ್ಲಿ ತಲೆಯಿದ್ದವರನ್ನು ಬೇರೆಲ್ಲೂ ಕಂಡಿಲ್ಲ.